ಮಾಳಿಗಿ ಬಸ್ಸು ಹಡಗಲಿ ತಲುಪಿದೆಯೆಂದು ಭಾವಿಸುವ ಬಗ್ಗೆ

ಸಂಖ್ಯೆ: ಸಂಚಾರ/ಎರಡಂತಸ್ತು/ಭಾವನೆ/೦೭/ಪರಿಷ್ಕೃತ

ಪರಿಷ್ಕೃತ ಸುತ್ತೋಲೆ

ವಿಷಯ: ಪುನಶ್ಚೇತನಗೊಂಡ ಎರಡಂತಸ್ತಿನ ನಗರ ಬಸ್ಸು ಕೊಟ್ಟೂರು ಬಿಟ್ಟು ಹೋಗದೆಯೇ ಐದು ತಾಲ್ಲೂಕು ಕೇಂದ್ರಗಳನ್ನು ತಲುಪುತ್ತಿದ್ದ ಬಗ್ಗೆ, ಹಾಗೂ ಇನ್ನು ಮುಂದೆ ತಲುಪದಿರುವ ಬಗ್ಗೆ.

ಉಲ್ಲೇಖ:
(ಅ) ಐತಿಹಾಸಿಕ ನಗರ ಬಸ್ ಪುನಶ್ಚೇತನ ಸಮಿತಿಯ ಅಧ್ಯಕ್ಷರಾದ ಶ್ರೀ ಗುರುಸಂಗಪ್ಪನವರ ಮೌಖಿಕ ಅಪೇಕ್ಷೆ.
(ಆ) ಸದರಿಯವರ ಎರಡನೆಯ ಮೌಖಿಕ ಅಪೇಕ್ಷೆ, ದನಿ ಏರಿಸಿದ್ದು.
(ಇ) ಇದೇ ಕಚೇರಿಯ ಹಿಂದಿನ ಸುತ್ತೋಲೆ.
(ಈ) ಕೋಗಳಿಯ ಕು. ಯಶೋಧರಾ ಅವರ ಅರ್ಜಿ, ಒಂದೇ ಸಾಲಿನದು.

ಮೇಲ್ಕಂಡ ವಿಷಯದಲ್ಲಿ ಇಲಾಖೆಯ ಸಿಬ್ಬಂದಿಯೂ ಸಾರ್ವಜನಿಕರೂ ತಾವು ಯಾವ ಊರಿನಲ್ಲಿದ್ದೇವೆ ಎಂಬ ಬಗ್ಗೆಯೇ ಗೊಂದಲಕ್ಕೆ ಒಳಗಾಗಿರುವುದು ಗಮನಕ್ಕೆ ಬಂದಿರುತ್ತದೆ. ಆದಕಾರಣ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ದಾಖಲಿಸಿ, ಸಂಬಂಧಪಟ್ಟ ಎಲ್ಲರೂ ಪಾಲಿಸಬೇಕಾದ ಅಂಶಗಳನ್ನು ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಶ್ರೀ ಗುರುಸಂಗಪ್ಪನವರು ಕೊಟ್ಟೂರಿನ ಮೆಕ್ಕೆಜೋಳದ ವ್ಯಾಪಾರಿಗಳು. ಹರೆಯದಲ್ಲಿ ಒಮ್ಮೆ ಬೆಂಗಳೂರಿಗೆ ಹೋಗಿದ್ದಾಗ ಎರಡಂತಸ್ತಿನ ನಗರ ಬಸ್ಸಿನ ಮೇಲಂತಸ್ತಿನಲ್ಲಿ, ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಆಗ ಕಂಡದ್ದನ್ನು ಈ ಕಚೇರಿಗೆ ಬಂದಾಗಲೆಲ್ಲ ಹೇಳುತ್ತಿದ್ದುದರಿಂದ ಸದರಿ ಹೇಳಿಕೆಯು ಕಡತದಲ್ಲಿ ಯಥಾವತ್ತಾಗಿ ಲಭ್ಯವಿದೆ: "ಕೆಳಗ ನಿಂತು ನೋಡಿದ್ರ ವಿಧಾನಸೌಧ ಕತ್ತು ನೋಯೋ ಅಷ್ಟು ಎತ್ತರ ಐತ್ರಿ. ಮ್ಯಾಲೆ ಕುಂತು ನೋಡಿದ್ರ ನನ್ನ ಸಮಕ್ಕ ಬಂತು. ಅವತ್ತ ನಿಶ್ಚಯ ಮಾಡಿದೆ ನೋಡ್ರಿ, ನಾನು ಅಲ್ಲಿ ಕುಂದ್ರಾವ ಅಂತ."

ಅಂದಿನಿಂದ ಇಂದಿನವರೆಗೆ ಸದರಿಯವರಿಗೂ ಸದರಿ ಕಟ್ಟಡಕ್ಕೂ ನಡುವಿನ ಅಂತರವು ಕಡಿಮೆಯಾಗಿರುವುದಿಲ್ಲ. ಪ್ರತಿ ಚುನಾವಣೆಗೂ ಅವರು ಬಿಳಿ ಅಂಗಿ ಹೊಲಿಸುವುದು, ಟಿಕೆಟ್ಟು ಬೇರೆಯವರಿಗೆ ಹೋಗುವುದು ರೂಢಿಯಾಗಿತ್ತು. ಜನರಿಗೆ ತಾವು ಏನನ್ನೂ ತೋರಿಸದಿರುವುದೇ ಇದಕ್ಕೆ ಕಾರಣವೆಂದು ಮನಗಂಡು, ಅದೇ ಮಾದರಿಯ ಬಸ್ಸೊಂದನ್ನು ರಾಜಧಾನಿಯ ಹಳೆ ಕಬ್ಬಿಣದ ಅಂಗಡಿಯಿಂದ ಲಾರಿಯ ಮೇಲೆ ತರಿಸಿ, ನಮ್ಮ ಘಟಕದ ಅಂಗಳದಲ್ಲಿ ಇಳಿಸಿ, ಜೀವ ತುಂಬುವಂತೆ ಅಪೇಕ್ಷಿಸಿದರು. ಇಳಿಸುವಾಗ ಅದರೊಳಗಿಂದ ಎರಡು ಬೆಕ್ಕುಗಳು ಹೊರಬಂದವು. ಜೀವವೆಂಬುದು ಅದರಲ್ಲಿ ಅಷ್ಟೇ ಇದ್ದಿತು.

ಕೊಟ್ಟೂರು ನಗರವಲ್ಲದ ಕಾರಣ ನಗರ ಬಸ್ಸು ಓಡಿಸಲು ಬರುವುದಿಲ್ಲವೆಂದು ಕಚೇರಿಯು ವಿನಮ್ರವಾಗಿ ತಿಳಿಸಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಸೇರಿದರೆ ಒಂದು ನಗರವೆಂದೂ, ನಡುವೆ ಇರುವ ಹೊಲಗಳನ್ನು ಉದ್ಯಾನಗಳೆಂದು ತಿಳಿಯಬೇಕೆಂದೂ ಅವರು ಅಪ್ಪಣೆ ಕೊಡಿಸಿದರು. ರಸ್ತೆ ದಾಟುವ ಕುರಿಹಿಂಡುಗಳನ್ನು ಅಂದಿನಿಂದ ಪಾದಚಾರಿಗಳೆಂದು ಪರಿಗಣಿಸಲಾಯಿತು.

೨. ವೆಚ್ಚದ ಬಗ್ಗೆ. ಸದರಿ ಪುನಶ್ಚೇತನಕ್ಕೆ ಯಾವುದೇ ಹೊಸ ವೆಚ್ಚ ತಗುಲಿರುವುದಿಲ್ಲವೆಂದು ಸಮಿತಿಯು ಕರಪತ್ರ ಹಂಚಿದ್ದು ಸರಿಯಾಗಿಯೇ ಇದೆ. ಎಂಜಿನ್ನನ್ನು ಕೊಟ್ಟೂರಿನಿಂದ ಕೋಗಳಿ ಮಾರ್ಗವಾಗಿ ಹಡಗಲಿಗೆ ಹೋಗುತ್ತಿದ್ದ ಬೆಳಗಿನ ಸಾಮಾನ್ಯ ಬಸ್ಸಿನಿಂದ ಬಿಚ್ಚಲಾಯಿತು. ಟೈರುಗಳನ್ನು ತಂಬ್ರಹಳ್ಳಿ ಬಸ್ಸಿನಿಂದಲೂ, ಸೀಟುಗಳನ್ನು ಕೂಡ್ಲಿಗಿ ಬಸ್ಸಿನಿಂದಲೂ ತೆಗೆಯಲಾಯಿತು. ಹರಪನಹಳ್ಳಿ ಬಸ್ಸಿನಿಂದ ಹಾರ್ನು ಮಾತ್ರ ತೆಗೆದದ್ದು. ಅದರ ದನಿ ಅಧ್ಯಕ್ಷರ ಮನಸ್ಸಿಗೆ ಬಂದಿತ್ತು. ಹಾರ್ನಿಲ್ಲದ ಬಸ್ಸನ್ನು ರಸ್ತೆಗೆ ಬಿಡುವುದು ನಿಯಮಬಾಹಿರವಾದ್ದರಿಂದ ಅದನ್ನೂ ನಿಲ್ಲಿಸಲಾಯಿತು.

ಹೀಗೆ ಕಲ್ಲುಗಳ ಮೇಲೆ ನಿಂತ ನಾಲ್ಕು ಬಸ್ಸುಗಳನ್ನು 'ರದ್ದಾದವು' ಎಂದು ಯಾರೂ ಕರೆಯತಕ್ಕದ್ದಲ್ಲ. 'ವಿಶ್ರಾಂತಿಯಲ್ಲಿವೆ' ಎಂದು ಕರೆಯತಕ್ಕದ್ದೆಂದು ಆಗ ಸೂಚಿಸಲಾಗಿತ್ತು.

೩. ಕೊಟ್ಟೂರಿನ ಬೀದಿಗಳಲ್ಲಿ ವಿದ್ಯುತ್ ತಂತಿಗಳು ಬಸ್ಸಿಗಿಂತ ಕೆಳಗಿದ್ದವು. ಬಸ್ಸು ಹೊರಡುವ ಮುನ್ನ ಕರೆಂಟು ತೆಗೆಯುವುದು, ಏಣಿ ಹಾಗೂ ಬಿದಿರು ಗಳ ಹಿಡಿದ ಲೈನ್‌ಮನ್‌ಗಳು ಮುಂದೆ ಮುಂದೆ ನಡೆದು ತಂತಿ ಎತ್ತಿ ಹಿಡಿಯುವುದು, ಬಸ್ಸು ಹಿಂದಿರುಗಿದ ಮೇಲೆ ಕರೆಂಟು ಕೊಡುವುದು ಎಂದು ಏರ್ಪಾಡಾಯಿತು. ಹಿಟ್ಟಿನ ಗಿರಣಿಯವರು ಬಸ್ಸಿನ ವೇಳೆ ನೋಡಿಕೊಂಡು ಜೋಳ ಹಾಕತಕ್ಕದ್ದು. ಬೇವಿನ ಮರಗಳು ತಮ್ಮ ಕೊಂಬೆಗಳನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳದ ಕಾರಣ ಕಡಿಯಲಾಯಿತು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕುವವರು, ಮೇಲಂತಸ್ತಿನಿಂದ ಅಧ್ಯಕ್ಷರು ಕೈಬೀಸಿದಾಗ ಶಾವಿಗೆ ಬಿಟ್ಟು ತಾವೂ ಕೈಬೀಸತಕ್ಕದ್ದು.

ಊರಿನವರು ಇದನ್ನು 'ಮಾಳಿಗಿ ಬಸ್ಸು' ಎಂದು ಕರೆಯತೊಡಗಿದರು. ಮನೆಯ ಮಾಳಿಗೆಗೂ ಬಸ್ಸಿನ ಮೇಲಂತಸ್ತಿಗೂ ಏಣಿಯಿಲ್ಲದೆ ದಾಟಬಹುದಾದಷ್ಟು ಹತ್ತಿರವಿದ್ದುದರಿಂದ ಈ ಹೆಸರನ್ನು ಆಕ್ಷೇಪಿಸಲು ಕಚೇರಿಗೆ ಆಧಾರ ಸಿಗಲಿಲ್ಲ.

೪. ಉದ್ಘಾಟನೆಯ ದಿನ ಬಸ್ಸು ಊರ ಹೊರಗಿನ ರೈಲ್ವೆ ಕೆಳಸೇತುವೆಯವರೆಗೆ ಬಂದು ನಿಂತಿತು. ಚಾಲಕ ಜೋಗಪ್ಪ, ಕೋಗಳಿ ಬಸ್ಸನ್ನು ಬಹಳ ವರ್ಷ ಓಡಿಸಿ ಎಂಜಿನ್ನಿನ ಜೊತೆಗೆ ಇಲ್ಲಿಗೆ ವರ್ಗವಾದವನು, ಇಳಿದು ಮೇಲೆ ನೋಡಿ ಹೇಳಿದ್ದು: "ಸಾವ್ಕಾರ್ರ, ಬ್ರಿಡ್ಜು ಗಿಡ್ಡ ಐತ್ರಿ. ಕೆಳಗಿನ ಬಸ್ಸು ಹೋಗತೈತಿ, ಮ್ಯಾಲಿನ ಬಸ್ಸು ಹೋಗಂಗಿಲ್ಲ."

ಅಧ್ಯಕ್ಷರು: "ಬ್ರಿಡ್ಜ್ ಎತ್ತಸ್ರಿ ಅತ್ತಾಗ!"

ಕೆಳಸೇತುವೆಯು ನಮ್ಮ ಇಲಾಖೆಗೆ ಸೇರಿದ್ದಲ್ಲವೆಂದು, ಮೇಲೆ ರೈಲು ಬರುತ್ತದೆಂದು ವಿವರಿಸಲಾಯಿತು. ಆಗಲೇ ರೈಲೊಂದು ಬಂದೂ ಬಿಟ್ಟಿತು. ಅಧ್ಯಕ್ಷರು ಮೇಲಂತಸ್ತಿನಲ್ಲಿ, ಹಾರ ಹಾಕಿಕೊಂಡ ಸ್ಥಿತಿಯಲ್ಲಿ ಬಹಳ ಹೊತ್ತು ಯೋಚಿಸಿದರು. ಬಸ್ಸು ಊರಿಗೆ ಹೋಗದಿದ್ದರೆ ಊರನ್ನೇ ಬಸ್ಸಿನ ಬಳಿಗೆ ತರುವುದೆಂದು ಅಂದೇ ತೀರ್ಮಾನವಾಯಿತು. ಬಸ್ ನಿಲ್ದಾಣದಿಂದ ಕೆಳಸೇತುವೆಯವರೆಗಿನ ಒಂದೇ ರಸ್ತೆಯಲ್ಲಿ ನಾಲ್ಕು ಫಲಕಗಳನ್ನು ನೆಡಲಾಯಿತು. ಚಹಾದಂಗಡಿಯ ಮುಂದೆ ಕೂಡ್ಲಿಗಿ. ಮಾರುಕಟ್ಟೆಯ ಹಿಂಗೋಡೆಗೆ ಹರಪನಹಳ್ಳಿ. ಪೆಟ್ರೋಲ್ ಬಂಕಿನ ಎದುರು ಹಗರಿಬೊಮ್ಮನಹಳ್ಳಿ. ಕೊನೆಯದಾಗಿ, ಕೆಳಸೇತುವೆಯ ಈಚೆಗೆ, ಹಡಗಲಿ. ಕೊಟ್ಟೂರಿಗೆ ಫಲಕ ಬೇಕಿರಲಿಲ್ಲ. ಅದು ಇದ್ದಲ್ಲಿಯೇ ಇತ್ತು.

೫. ತದನಂತರ ಹೊರಡಿಸಿದ ಉಲ್ಲೇಖ (ಇ)ರ ಸುತ್ತೋಲೆಯ ಮುಖ್ಯಾಂಶಗಳನ್ನು, ಈಗ ಯಾರೂ ಪಾಲಿಸಬಾರದೆಂಬ ಕಾರಣಕ್ಕಾಗಿ, ಮತ್ತೊಮ್ಮೆ ನೆನಪಿಸಲಾಗಿದೆ:

(ಅ) ಬಸ್ಸು ಯಾವ ಊರಿನ ಫಲಕದ ಬಳಿ ನಿಲ್ಲುವುದೋ ಆ ಊರನ್ನು ತಲುಪಿದೆಯೆಂದು ಭಾವಿಸತಕ್ಕದ್ದು.
(ಆ) ಪ್ರಯಾಣಿಕರು ಫಲಕದ ಬಳಿ ಇಳಿದ ಮೇಲೆ ತಮ್ಮ ಊರು ಕಾಣದಿದ್ದಲ್ಲಿ, ಅದು ಪ್ರಯಾಣಿಕರ ವೈಯಕ್ತಿಕ ದೃಷ್ಟಿದೋಷವಾಗಿರುತ್ತದೆ.
(ಇ) ಹಡಗಲಿ ಫಲಕದ ಬಳಿ ಇಳಿದು ಕೊಟ್ಟೂರಿಗೆ ಹಿಂದಿರುಗುವವರು ಹೊಸ ಟಿಕೆಟ್ ಪಡೆಯತಕ್ಕದ್ದು. ನಡೆದೇ ಹಿಂದಿರುಗಿದವರನ್ನು ದೂರಪ್ರಯಾಣ ಮಾಡಿದವರೆಂದು ಗೌರವಿಸತಕ್ಕದ್ದು.
(ಈ) ಕೂಡ್ಲಿಗಿ ಫಲಕದ ಬಳಿ ಚಹಾ ಕುಡಿದು ಹರಪನಹಳ್ಳಿ ಫಲಕದ ಬಳಿ ಲೋಟ ಇಡುವಂತಿಲ್ಲ. ಲೋಟವನ್ನು ತಾಲ್ಲೂಕು ದಾಟಿಸಿದಂತಾಗುತ್ತದೆ.
(ಉ) ಬೀಗರ ಊರು ಹತ್ತಿರವಾಯಿತೆಂದು ದಿನಾಲೂ ಹೋಗಿ ಕೂರುವುದಕ್ಕೆ ಇಲಾಖೆ ಹೊಣೆಯಲ್ಲ.

ಈ ಸುತ್ತೋಲೆಯಂತೆ ಮಾಳಿಗಿ ಬಸ್ಸು ಪ್ರತಿದಿನ ಬೆಳಿಗ್ಗೆ ಹಡಗಲಿಯನ್ನು ಸರಿಯಾದ ವೇಳೆಗೆ ತಲುಪುತ್ತಿತ್ತು. ಹಿಂದಿನ ಕೋಗಳಿ ಬಸ್ಸಿಗಿಂತ ಬಹಳ ಮುಂಚೆಯೇ ತಲುಪುತ್ತಿತ್ತೆಂದು ಕಚೇರಿಗೆ ಮೆಚ್ಚುಗೆಯ ಪತ್ರ ಬಂದಿರುವುದನ್ನೂ ದಾಖಲಿಸಲಾಗಿದೆ. ಪತ್ರ ಬರೆದವರು ಅಧ್ಯಕ್ಷರು.

೬. ಕು. ಯಶೋಧರಾ ಅವರು ಕೋಗಳಿಯವರು. ಅವರ ತಂದೆ ಸಂಜೀವ ಕಟ್ಟಡ ಕೆಲಸದ ಗಾರೆಯವರು. ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವರು ಯಶೋಧರಾ ಅವರೇ. ಹಡಗಲಿಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಪ್ರಯೋಗಶಾಲಾ ತಂತ್ರಜ್ಞೆಯಾಗಿ ನೇಮಕವಾಗಿ, ಇನ್ನೂ ಪರಿವೀಕ್ಷಣಾ ಅವಧಿಯಲ್ಲಿದ್ದರು. ಆ ಅವಧಿ ಸರಿಯಾಗಿ ಮುಗಿದರೆ ಮಾತ್ರ ಕೆಲಸ ಕಾಯಂ.

ಕೋಗಳಿ ಬಸ್ಸು ವಿಶ್ರಾಂತಿಗೆ ಹೋದ ಮೇಲೆ ಅವರು ಬೆಳಕು ಹರಿಯುವ ಮುನ್ನವೇ ರಸ್ತೆಗೆ ಬಂದು, ಸಿಕ್ಕ ಟಂಟಂ ಆಟೋದಲ್ಲಿ ಕುರಿಗಳ ನಡುವೆ ಕುಳಿತು ಹಗರಿಬೊಮ್ಮನಹಳ್ಳಿ ಸೇರಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಡಗಲಿ ಮುಟ್ಟುತ್ತಿದ್ದರು. ದಿನವೂ ತಡ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾದ ಮುದುಕರು, ಬಸುರಿಯರು ಬೆಂಚಿನ ಮೇಲೆ ಕಾಯುತ್ತಿದ್ದರು. ಹೀಗೆ ಕಾಯುತ್ತಿದ್ದಾಗ ಒಂದು ದಿನ ಹಡಗಲಿಯ ಭರಮಮ್ಮ ಎಂಬ ಕುರಿ ಸಾಕುವ ಮುದುಕಿ ಕಣ್ಣು ಕತ್ತಲೆ ಬಂದು ಬೆಂಚಿನಿಂದ ಉರುಳಿದರು. ಯಶೋಧರಾ ಓಡಿ ಬರುವ ಹೊತ್ತಿಗೆ ಅವರ ಹಣೆಗೆ ಹೊಲಿಗೆ ಹಾಕುತ್ತಿದ್ದರು. ಮುದುಕಿ ಬೈಯಲಿಲ್ಲ. "ಬಂದ್ಯಾ ನನ್ನವ್ವ? ಈಗರ ರಗತ ತಗಿ, ಸೋರಿ ಹೋಗಾಕ ಹತ್ತೈತಿ" ಎಂದರಂತೆ. ಅಂದು ಯಶೋಧರಾ ಅವರ ಸೂಜಿ ಎರಡು ಸಲ ತಪ್ಪಿತೆಂದು ಅವರೇ ವಿಚಾರಣೆಯಲ್ಲಿ ಹೇಳಿದ್ದಾರೆ.

ತಡವಾಗಿ ಬಂದದ್ದಕ್ಕೆ ಕಾರಣ ಕೇಳಿ ಅವರ ಮೇಲಧಿಕಾರಿಗಳು ನೋಟಿಸು ಕೊಟ್ಟರು. ಬಸ್ಸು ಇಲ್ಲವೆಂದು ಅವರು ಉತ್ತರಿಸಿದರು. ಮೇಲಧಿಕಾರಿಗಳು ನಮ್ಮ ಕಚೇರಿಯನ್ನು ಕೇಳಿದರು. ನಮ್ಮ ಕಚೇರಿಯು, ದಾಖಲೆಗಳಂತೆ ಬಸ್ಸು ಪ್ರತಿದಿನ ಸರಿಯಾದ ವೇಳೆಗೆ ಹಡಗಲಿ ತಲುಪಿದೆಯೆಂದು ಉತ್ತರಿಸಿತು. ಹೀಗಾಗಿ ಯಶೋಧರಾ ಅವರು ಸುಳ್ಳು ಹೇಳಿದ್ದಾರೆಂಬ ಎರಡನೆಯ ನೋಟಿಸು ಅವರಿಗೆ ಹೋಯಿತು.

೭. ಆಗ ಅವರು ಉಲ್ಲೇಖ (ಈ)ರ ಅರ್ಜಿ ಸಲ್ಲಿಸಿದರು: 'ಬಸ್ಸು ಬರಲಿಲ್ಲ ಎಂದು ಬರೆದುಕೊಡಬೇಕಾಗಿ ವಿನಂತಿ.' ವಿಚಾರಣೆಯನ್ನು ಅಮಾವಾಸ್ಯೆಯ ದಿನ ಕೊಟ್ಟೂರಿನಲ್ಲಿ ಇಡಲಾಯಿತು. ಈ ಕೆಳಗೆ ಸಹಿ ಮಾಡಿರುವವರು ಬೇರೊಂದು ಮಹತ್ವದ ಕೆಲಸಕ್ಕೆ ಅಂದು ಅಲ್ಲಿಗೆ ಹೋಗುವವರಿದ್ದುದೇ ಕಾರಣ. ಆ ಕೆಲಸವನ್ನು ಕಲಂ ೮ರಲ್ಲಿ ವಿವರಿಸಲಾಗಿದೆ.

ಅರ್ಜಿದಾರರು ನಿಂತೇ ಮಾತನಾಡಿದರು. "ಸರ್, ನನಗೇನು ಬಸ್ಸು ಕೊಡಬ್ಯಾಡ್ರಿ ಈಗ. ಬಸ್ಸು ಬರಲಿಲ್ಲ ಅಂತ ಬರದು ಕೊಡ್ರಿ, ಅಷ್ಟ ಸಾಕು. ನಾ ಸುಳ್ಳು ಹೇಳಾಕಿ ಅಲ್ಲ. ನಮ್ಮಪ್ಪ ಬಿಸಲಾಗ ಗ್ವಾಡಿ ಕಟ್ಟಿ ಓದಿಸ್ಯಾನ್ರಿ, ಸುಳ್ಳು ಹೇಳಿದ್ಲು ಅಂತ ಕೆಲಸ ಹೋದ್ರ ಅವನ ಮುಂದ ಹೆಂಗ ನಿಂದರ್ಲಿ?"

ಬಸ್ಸು ಬಂದಿರುವುದಾಗಿ ಸುತ್ತೋಲೆ ಇರುವಾಗ ಬಂದಿಲ್ಲವೆಂದು ಬರೆಯಲು ಬರುವುದಿಲ್ಲವೆಂದು ಅವರಿಗೆ ಸಮಾಧಾನವಾಗಿ ತಿಳಿಸಲಾಯಿತು.

"ಸುತ್ತೋಲಿ ಯಾರು ಬರದ್ರಿ ಸರ್?"

ನಾವೇ ಎಂದು ತಿಳಿಸಲಾಯಿತು.

"ಹಂಗಾರ ನೀವ ಅಳಿಸ್ರಲ್ಲ."

ಈ ಸಲಹೆಯು ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ವಿಚಾರಣೆಯನ್ನು ಮುಕ್ತಾಯಗೊಳಿಸಲಾಯಿತು. ಅರ್ಜಿದಾರರು ಕಣ್ಣು ಒರೆಸಿಕೊಳ್ಳದೆ ಹೊರಗೆ ಹೋದರು. ಹೊರಗೆ ಜಗಲಿಯ ಮೇಲೆ ಭರಮಮ್ಮ ಕುಳಿತಿದ್ದರು. ಅಮಾವಾಸ್ಯೆಗೆಂದು ಯಾರದೋ ಟ್ರ್ಯಾಕ್ಟರಿನಲ್ಲಿ ದೇವರಿಗೆ ಬಂದವರು, ಹಡಗಲಿಗೆ ಹಿಂದಿರುಗುವ ಬಸ್ಸು ಹುಡುಕುತ್ತಿದ್ದರು. ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು.

೮. ಮಹತ್ವದ ಕೆಲಸವೆಂದರೆ, ಚುನಾವಣೆಯ ಟಿಕೆಟ್ಟು ಯಾರಿಗೆ ಕೊಡಬೇಕೆಂದು ನೋಡಿ ವರದಿ ಮಾಡುವ ಪಕ್ಷದ ವೀಕ್ಷಕರೊಬ್ಬರು ರಾಜಧಾನಿಯಿಂದ ಅಂದು ಆಗಮಿಸಿದ್ದು. ಅಮಾವಾಸ್ಯೆಗೆ ಊರಲ್ಲಿ ಜನ ತಾವಾಗಿಯೇ ಸೇರುವುದರಿಂದ ಜನ ತರಿಸುವ ಖರ್ಚು ಉಳಿಯುವುದೆಂದು ಅಧ್ಯಕ್ಷರೇ ದಿನ ಗೊತ್ತು ಮಾಡಿದ್ದರು. ವೀಕ್ಷಕರಿಗೆ ಹಡಗಲಿಯಲ್ಲಿ ಊಟದ ಏರ್ಪಾಡಾಗಿತ್ತು. ಮೊದಲು ಬಸ್ಸಿನಲ್ಲಿ ಒಂದು ಸುತ್ತು, ಆಮೇಲೆ ಊಟಕ್ಕೆ ಕಾರಿನಲ್ಲಿ ಎಂಬುದು ಕಾರ್ಯಕ್ರಮ.

ಅಧ್ಯಕ್ಷರೂ ವೀಕ್ಷಕರೂ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತರು. ಖಾಲಿ ಬಸ್ಸು ಶೋಭಿಸದೆಂದು ಸಮಿತಿಯ ಯುವಕರು ಬಾಗಿಲಲ್ಲಿ ನಿಂತು "ಹತ್ತ್ರಿ, ಹತ್ತ್ರಿ, ಐದು ತಾಲ್ಲೂಕು ಐದು ತಾಲ್ಲೂಕು" ಎಂದು ಕೂಗಿದರು. ದೇವರ ದರ್ಶನ ಮುಗಿಸಿದ ಹೆಣ್ಣುಮಕ್ಕಳು ಬುಟ್ಟಿ, ಚೀಲ ಸಮೇತ ಹತ್ತಿದರು. ಯಶೋಧರಾ ಭರಮಮ್ಮನವರ ಕೈಹಿಡಿದು ಮೇಲಂತಸ್ತಿಗೆ ಹತ್ತಿಸಿದರು.

ನಿರ್ವಾಹಕಿ ಹಂಪಮ್ಮ ಟಿಕೆಟ್ಟಿನೊಡನೆ ಬಂದಾಗ ಯಶೋಧರಾ, "ಅಕ್ಕ, ಹಡಗಲಿಗೆ ಎರಡು" ಎಂದರು.

ಹಂಪಮ್ಮ ದನಿ ತಗ್ಗಿಸಿ, "ಯವ್ವ, ನಿನಗ ಗೊತ್ತಿಲ್ಲೇನ, ಇದು ಅಲ್ಲಿಗೆ ಹೋಗಂಗಿಲ್ಲ" ಎಂದು, ಸೇವಾ ನಿಯಮಗಳಿಗೆ ವಿರುದ್ಧವಾಗಿ, ನಿಜ ಹೇಳಿದರು.

"ಗೊತ್ತೈತಿ. ಬೋರ್ಡು ಹಾಕ್ಯಾರಲ್ಲ, ಕೊಡು."

ಹಂಪಮ್ಮ ಆಕೆಯ ಮುಖವನ್ನು ಒಂದು ಗಳಿಗೆ ನೋಡಿ, ಹಡಗಲಿಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್ಟು ಎರಡು ಹರಿದುಕೊಟ್ಟರು. ಕೇಳಿಸಿಕೊಂಡ ಉಳಿದವರೂ ತಮ್ಮ ತಮ್ಮ ಊರಿಗೆ ಟಿಕೆಟ್ಟು ಪಡೆದರು.

ಲೈನ್‌ಮನ್‌ಗಳು ತಂತಿ ಎತ್ತಿದರು. ಬಸ್ಸು ಹೊರಟಿತು. ಚಹಾದಂಗಡಿಯ ಬಳಿ ಕೂಡ್ಲಿಗಿ ಬಂತು, ಮಾರುಕಟ್ಟೆಯ ಹಿಂದೆ ಹರಪನಹಳ್ಳಿ. ವೀಕ್ಷಕರು ಬೆರಗಾಗಿ, "ಈ ತಾಲ್ಲೂಕುಗಳೆಲ್ಲ ಇಷ್ಟು ಹತ್ತಿರ ಇವೆಯೇನ್ರೀ? ನಕ್ಷೆಯಲ್ಲಿ ದೂರ ದೂರ ಇದ್ದ ಹಾಗಿತ್ತು" ಎಂದು ಕೇಳಿದರು.

"ನಕ್ಷಿ ಹಳೇದ್ರಿ ಸಾಹೇಬ್ರ," ಎಂದು ಅಧ್ಯಕ್ಷರು ಉತ್ತರಿಸಿದರು. "ನಾವು ಬಂದ ಮ್ಯಾಲೆ ಅಭಿವೃದ್ಧಿ ಆಗೈತಿ."

ಕೆಳಸೇತುವೆಯ ಬಳಿ ಬಸ್ಸು ನಿಂತು, ಹಡಗಲಿ ತಲುಪಿತೆಂದು ಧ್ವನಿವರ್ಧಕದಲ್ಲಿ ಘೋಷಣೆಯಾಯಿತು. ಯಾರೂ ಇಳಿಯಲಿಲ್ಲ. ವೀಕ್ಷಕರು ಮಾತ್ರ ಎದ್ದು ನಿಂತು ಕೈಗಡಿಯಾರ ನೋಡಿಕೊಂಡರು. "ಸರಿ, ಹಡಗಲಿ ಬಂತಲ್ಲ. ಊಟ ಎಲ್ಲಿ?"

"ಊಟ ಹಡಗಲ್ಯಾಗ ಐತ್ರಿ."

"ಮತ್ತೆ ಇದು?"

"ಇದೂ ಹಡಗಲೀರಿ. ಆದ್ರ... ಊಟದ ಹಡಗಲಿ ಬ್ಯಾರೆ ಐತ್ರಿ. ಕಾರಿನ್ಯಾಗ ಹೋಗಬೇಕು."

ಮೇಲಂತಸ್ತಿನಲ್ಲಿ ಇದ್ದವರೆಲ್ಲ ಇದನ್ನು ಕೇಳಿಸಿಕೊಂಡರು. ಭರಮಮ್ಮ ಎದ್ದು ಬಂದು, ಇಳಿಯುವ ಮೆಟ್ಟಿಲಿನ ಬಾಯಲ್ಲಿಯೇ ಕಾಲು ಚಾಚಿ ಕುಳಿತರು. "ಕಾರು ಇದ್ದೋರಿಗೆ ಒಂದು ಹಡಗಲಿ, ಬಸ್ಸಿನೋರಿಗೆ ಒಂದು ಹಡಗಲಿ ಐತೇನಪ? ನಾ ಹುಟ್ಟಿದ್ದು ಹಡಗಲ್ಯಾಗ, ಹಡದಿದ್ದು ಹಡಗಲ್ಯಾಗ. ನನ್ನ ಕುರಿ ಅದಾವ ಅಲ್ಲಿ. ಇಲ್ಲಿ ನನ್ನ ಒಂದು ಕುರಿ ತೋರ್ಸು, ಇಳದು ಹೋಗ್ತೀನಿ."

"ಏ ಯಮ್ಮ, ದಾರಿ ಬಿಡು. ಸಾಹೇಬ್ರಿಗೆ ತಡ ಆಗತೈತಿ," ಎಂದರು ಅಧ್ಯಕ್ಷರು.

"ನನಗ ತಡ ಆಗಿ ಹಣಿ ಒಡದೈತಿ, ನೋಡು."

ಒಬ್ಬೊಬ್ಬರಾಗಿ ಹೆಣ್ಣುಮಕ್ಕಳೆಲ್ಲ ಮೆಟ್ಟಿಲ ಮೇಲೆ ಬಂದು ಕುಳಿತರು. ಬುಟ್ಟಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕೂಡ್ಲಿಗಿಯವರೂ ಹರಪನಹಳ್ಳಿಯವರೂ ತಮ್ಮ ಊರು ಬರಲಿಲ್ಲವೆಂದು ಹೇಳಿ ಅಲ್ಲಿಯೇ ಮಂಡಕ್ಕಿ ಬಿಚ್ಚಿದರು. ವೀಕ್ಷಕರು ಯಶೋಧರಾ ಅವರ ಕಡೆ ತಿರುಗಿ, ಓದಿದವರಂತೆ ಕಾಣುತ್ತೀರಿ, ನೀವಾದರೂ ಹೇಳಿ, ಇವರಿಗೆ ಏನು ಬೇಕು ಎಂದು ಕೇಳಿದರು. ಯಶೋಧರಾ ಎರಡು ನೋಟಿಸುಗಳ ವಿಷಯ ಹೇಳಿದರು. ಖಾಲಿ ಹೊಟ್ಟೆಯ ಬೆಂಚಿನ ವಿಷಯ ಹೇಳಿದರು. ದನಿ ಏರಿಸಲಿಲ್ಲ. ಕೊನೆಗೆ, "ನಿಮಗ ಊಟ ತಡ ಆಗಿದ್ದಕ್ಕ ಯಾರೂ ನೋಟಿಸು ಕೊಡಂಗಿಲ್ರಿ ಸರ್, ನಮಗ ಕೊಡ್ತಾರ" ಎಂದರು.

ವೀಕ್ಷಕರಿಗೆ ಇದು ಅರ್ಥವಾಯಿತೋ ಹಸಿವಾಗಿತ್ತೋ ಕಚೇರಿಗೆ ತಿಳಿಯದು. ಅವರು ಕಿಟಕಿಯಿಂದ ಕೆಳಗೆ ನೋಡಿ ಲೈನ್‌ಮನ್‌ಗಳ ಏಣಿಯನ್ನು ಕರೆಸಿಕೊಂಡು, ಅದರ ಮೂಲಕ ಇಳಿದು, ತಮ್ಮ ಕಾರು ಹತ್ತಿ ಹೋದರು. ಅಧ್ಯಕ್ಷರು ಏಣಿಯ ಕಡೆ ಬರುವಷ್ಟರಲ್ಲಿ ಊರಿಗೆ ಕರೆಂಟು ಕೊಡುವ ವೇಳೆಯಾಯಿತೆಂದು ಲೈನ್‌ಮನ್‌ಗಳು ಏಣಿ ಹೊತ್ತುಕೊಂಡು ನಡೆದರು. ಅಧ್ಯಕ್ಷರು ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತರು. ಅಲ್ಲಿಂದ ಅವರಿಗೆ ರೈಲು ಹಳಿ ಸಮಕ್ಕೆ ಕಾಣುತ್ತಿತ್ತು.

೯. ಈ ನಡುವೆ ಚಾಲಕ ಜೋಗಪ್ಪ ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ಈ ಕೆಳಗೆ ಸಹಿ ಮಾಡಿರುವವರ ಕೈಗೆ ಕೊಟ್ಟ. "ಸಾಹೇಬ್ರ, ಈ ಎಂಜಿನ್ನು ನನ್ನ ಕೋಗಳಿ ಬಸ್ಸಿಂದು. ಇದಕ್ಕ ದಾರಿ ಗೊತ್ತೈತಿ, ಇಲ್ಲಿ ಕಟ್ಟಿ ಹಾಕೀರಿ. ಬಿಚ್ಚಿಸಿ ಕೊಡ್ರಿ, ನಾ ಬಸ್ಸು ಒಯ್ತೀನಿ. ಇಲ್ಲಾಂದ್ರ ಈ ಬೊಂಬಿ ಮನಿ ನೀವ ಓಡಿಸ್ಕೊರ್ರಿ."

ಲಿಖಿತ ಆದೇಶವಿಲ್ಲದೆ ಎಂಜಿನ್ ಬಿಚ್ಚಲಾಗದೆಂದು ಅವನಿಗೆ ತಿಳಿಸಲಾಯಿತು. ಹಾಕುವಾಗ ಲಿಖಿತ ಆದೇಶ ಇತ್ತೇ ಎಂದು ಮೆಟ್ಟಿಲಿನಿಂದ ಯಶೋಧರಾ ಕೇಳಿದರು. ಇರಲಿಲ್ಲ. ಎಂಜಿನ್ ಹೊರಗೆ ಬರುವವರೆಗೆ ತಾವು ಕೆಳಗೆ ಬರುವುದಿಲ್ಲವೆಂದು ಅವರು ಹೇಳಿದರು, ಉಳಿದವರು ಹೂಂಗುಟ್ಟಿದರು. ಅಧ್ಯಕ್ಷರು ಮೇಲಿನಿಂದ, "ಬಿಚ್ಚಬ್ಯಾಡ್ರಿ! ಇದು ಇತಿಹಾಸ ಐತಿ, ಇತಿಹಾಸ!" ಎಂದು ಕೂಗಿದರು. ಕೆಳಗಿನಿಂದ ಯಾರೋ, "ಇತಿಹಾಸಕ್ಕ ಎಂಜಿನ್ ಬೇಕಿಲ್ರಿ ಸಾವ್ಕಾರ್ರ" ಎಂದರು. ಹಾಗೆ ಹೇಳಿದವರು ಇಲಾಖೆಯ ನೌಕರರೇ ಎಂಬ ಅನುಮಾನವಿದ್ದು, ಕಚೇರಿಯು ಪತ್ತೆ ಮಾಡಲು ಪ್ರಯತ್ನಿಸುವುದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ, ಈ ಕೆಳಗೆ ಸಹಿ ಮಾಡಿರುವವರ ಮೌಖಿಕ ಅಪೇಕ್ಷೆಯಂತೆ, ಘಟಕದಿಂದ ಮೆಕ್ಯಾನಿಕ್‌ಗಳು ಸರಪಳಿ ರಾಟೆಯೊಡನೆ ಬಂದು ಎಂಜಿನ್ನನ್ನು ಇಳಿಸಿ ಟ್ರ್ಯಾಕ್ಟರಿಗೆ ಹಾಕಿದರು. ಹೆಣ್ಣುಮಕ್ಕಳು ಎದ್ದು ಸೀರೆ ಕೊಡವಿಕೊಂಡು ಇಳಿದರು. ಭರಮಮ್ಮನವರನ್ನು ಹಂಪಮ್ಮ ತಮ್ಮ ಮನೆಗೆ ಕರೆದೊಯ್ದು ಉಣ್ಣಲಿಕ್ಕಿ ಮಲಗಿಸಿದರು. ಅಧ್ಯಕ್ಷರು ಎಲ್ಲರೂ ಹೋದ ಮೇಲೆ ಇಳಿದರು.

೧೦. ಮೇಲ್ಕಂಡ ಎಲ್ಲ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಬೇರೆ ದಾರಿ ಕಾಣದೆ, ಈ ಮುಂದಿನಂತೆ ಆದೇಶಿಸಲಾಗಿದೆ:

(ಅ) 'ತಲುಪಿದೆಯೆಂದು ಭಾವಿಸತಕ್ಕದ್ದು' ಎಂಬ ಸುತ್ತೋಲೆಯನ್ನು ಅದು ಹೊರಟ ದಿನದಿಂದಲೇ ಹಿಂಪಡೆಯಲಾಗಿದೆ. ಹಡಗಲಿಯು ಇನ್ನು ಮುಂದೆ ಹಡಗಲಿಯಲ್ಲಿಯೇ ಇರತಕ್ಕದ್ದು.

(ಆ) ಕೆಳಸೇತುವೆಯ ಬಳಿ ಎಂಜಿನ್ನಿಲ್ಲದೆ ನಿಂತಿರುವ ಎರಡಂತಸ್ತಿನ ವಾಹನವನ್ನು 'ಕೆಟ್ಟು ನಿಂತ ಬಸ್ಸು' ಎನ್ನತಕ್ಕದ್ದಲ್ಲ. 'ಸ್ಥಾಯಿ ನಗರ ಬಸ್ಸು' ಎನ್ನತಕ್ಕದ್ದು. ಅದರ ನೆರಳಿನಲ್ಲಿ ಮಲಗುವ ಆಡುಗಳು ಕೆಳ ಅಂತಸ್ತಿಗೆ ಸೀಮಿತವಾಗಿರತಕ್ಕದ್ದು. ಮೇಲಂತಸ್ತು ಗಣ್ಯರಿಗೆ ಕಾಯ್ದಿರಿಸಲ್ಪಟ್ಟಿದೆ.

(ಇ) ಕೂಡ್ಲಿಗಿಯ ಫಲಕವನ್ನು ಚಹಾದಂಗಡಿಯವರು ಈಗಾಗಲೇ ಬಾಗಿಲಿಗೆ ಹೊಡೆದುಕೊಂಡಿದ್ದು, ರಾತ್ರಿ ಕೂಡ್ಲಿಗಿಯನ್ನು ಮುಚ್ಚಿ ಬೆಳಿಗ್ಗೆ ತೆರೆಯುತ್ತಿರುವುದಾಗಿ ವರದಿಯಾಗಿದೆ. ಇದನ್ನು ಆಕ್ಷೇಪಿಸತಕ್ಕದ್ದಲ್ಲ.

(ಈ) ಶ್ರೀ ಗುರುಸಂಗಪ್ಪನವರಿಗೆ ಟಿಕೆಟ್ಟು ಸಿಕ್ಕಿರುವುದಿಲ್ಲ. ಹೊಲಿಸಿದ ಅಂಗಿಗಳು ಹಾಗೆಯೇ ಇವೆ. ಸದರಿಯವರು ಇದರಿಂದ ಎದೆಗುಂದದೆ, 'ಹಡಗಲಿಗೆ ಹಡಗು' ಎಂಬ ಹೊಸ ಯೋಜನೆಯನ್ನು ಸಲ್ಲಿಸಿದ್ದಾರೆ. ಹೆಸರಿನಲ್ಲಿಯೇ ಹಡಗು ಇರುವ ಊರಿಗೆ ಹಡಗಿಲ್ಲದಿರುವುದು ಹಿಂದಿನವರ ನಿರ್ಲಕ್ಷ್ಯವೆಂದು ಅವರು ತಿಳಿಸಿರುತ್ತಾರೆ. ನೀರಿನ ಬಗ್ಗೆ ಮುಂದೆ ಯೋಚಿಸಲಾಗುವುದಂತೆ. ಘಟಕದ ಮೆಕ್ಯಾನಿಕ್‌ಗಳು ಉಳಿದ ಬಸ್ಸುಗಳನ್ನು ರಾತ್ರಿ ಬೀಗ ಹಾಕಿ ಇಡತಕ್ಕದ್ದು.

(ಉ) ತಂಬ್ರಹಳ್ಳಿಯ ಟೈರು, ಕೂಡ್ಲಿಗಿಯ ಸೀಟು, ಹರಪನಹಳ್ಳಿಯ ಹಾರ್ನು ಇವುಗಳನ್ನು ಹಿಂದಿರುಗಿಸುವ ವಿಷಯ ಪರಿಶೀಲನೆಯಲ್ಲಿದೆ. ಆ ಊರುಗಳವರು ಮೆಟ್ಟಿಲ ಮೇಲೆ ಕೂರುವುದಕ್ಕೆ ಮುಂಚೆ ತೀರ್ಮಾನ ಕೈಗೊಳ್ಳುವುದು ಒಳ್ಳೆಯದೆಂದು ಕಚೇರಿಯ ಅಭಿಪ್ರಾಯ.

೧೧. ಕು. ಯಶೋಧರಾ ಅವರ ಅರ್ಜಿಯನ್ನು ಪುರಸ್ಕರಿಸಿ, ಅವರ ಮೇಲಧಿಕಾರಿಗಳಿಗೆ ಕಳುಹಿಸಿದ ದೃಢೀಕರಣದ ಪೂರ್ಣ ಪಾಠ ಹೀಗಿದೆ: 'ಬಸ್ಸು ಬರಲಿಲ್ಲ.' ಸದರಿ ವಾಕ್ಯವನ್ನು ಕಚೇರಿಯಲ್ಲಿ ಈವರೆಗೆ ಯಾರೂ ಬರೆದಿರದ ಕಾರಣ ಕರಡು ಸಿದ್ಧವಾಗಲು ತಡವಾಯಿತು. 'ಬರಲಾಗಿರುವುದಿಲ್ಲ' ಎಂದು ತಿದ್ದಲಾಗಿತ್ತು, ಅರ್ಜಿದಾರರು ಒಪ್ಪಲಿಲ್ಲ. ಎರಡೂ ನೋಟಿಸುಗಳನ್ನು ಕೈಬಿಡಲಾಗಿದೆಯೆಂದು ತಿಳಿದುಬಂದಿದೆ. ತಡವಾದ ದಿನಗಳಿಗೆ ಕಡಿತವಾದ ರಜೆಗಳು ಹಿಂದಿರುಗುವುದಿಲ್ಲ. ಭರಮಮ್ಮನವರ ಹಣೆಯ ಕಲೆಯೂ ಹಾಗೆಯೇ.

೧೨. ಕೊಟ್ಟೂರು–ಕೋಗಳಿ–ಹಡಗಲಿ ಬೆಳಗಿನ ಸಾಮಾನ್ಯ ಬಸ್ಸು ಓಡತೊಡಗಿದೆ. ಮೊದಲ ದಿನ ಅದು ಹಡಗಲಿ ನಿಲ್ದಾಣದಲ್ಲಿ ನಿಂತಾಗ, ಅಲ್ಲಿಯವರೆಗೆ ಹಂಪಮ್ಮನವರ ಮನೆಯಲ್ಲಿಯೇ ಉಳಿದಿದ್ದ ಭರಮಮ್ಮ ಬಾಗಿಲಲ್ಲಿಯೇ ನಿಂತು, ಹೂವಿನವರನ್ನೂ ಬಾಳೆಹಣ್ಣಿನ ಗಾಡಿಯನ್ನೂ ದಿಟ್ಟಿಸಿ ನೋಡಿ, "ಜೋಗಪ್ಪ, ಇದು ಖರೇನ ಹಡಗಲಿ ಹೌದಲ್ಲ?" ಎಂದು ಕೇಳಿ, ಅವನು ನಕ್ಕ ಮೇಲೆಯೇ ಇಳಿದರೆಂದು ವರದಿಯಾಗಿದೆ. ಯಶೋಧರಾ ಅಷ್ಟರಲ್ಲಿ ಇಳಿದು ಆಸ್ಪತ್ರೆಯ ಕಡೆ ಅರ್ಧ ದಾರಿ ಹೋಗಿದ್ದರು.

ಸದರಿ ಬಸ್ಸಿಗೆ ಹೆಸರು, ಹಾರ, ಉದ್ಘಾಟನೆ, ಧ್ವನಿವರ್ಧಕ ಯಾವುದೂ ಇರತಕ್ಕದ್ದಲ್ಲ. ಅದರ ಮುಂದೆ ಯಾರೂ ನಿಂತು ಚಿತ್ರ ತೆಗೆಸಿಕೊಳ್ಳತಕ್ಕದ್ದಲ್ಲ. ಅದು ಸುಮ್ಮನೆ ಬರತಕ್ಕದ್ದು.

(ಸಹಿ, ಓದಲು ಬಾರದಂತೆ)
ಸಂಚಾರ ಮೇಲ್ವಿಚಾರಕರು
ಭಾವನೆಗಳ ಶಾಖೆ (ಇಂದಿನಿಂದ ಮುಚ್ಚಲಾಗಿದೆ)

ಪ್ರತಿಗಳು:
೧. ಘಟಕ ವ್ಯವಸ್ಥಾಪಕರಿಗೆ, ಪಾಲನೆಗಾಗಿ.
೨. ಚಾಲಕ ಜೋಗಪ್ಪ ಹಾಗೂ ನಿರ್ವಾಹಕಿ ಹಂಪಮ್ಮ ಅವರಿಗೆ, ಎಚ್ಚರಿಕೆ ಮತ್ತು ಅಭಿನಂದನೆಗಾಗಿ. ಯಾವುದು ಬೇಕೋ ಅದನ್ನು ಇಟ್ಟುಕೊಳ್ಳಬಹುದು.
೩. ಶ್ರೀ ಗುರುಸಂಗಪ್ಪನವರಿಗೆ, ಮಾಹಿತಿಗಾಗಿ. ಮನೆಯಲ್ಲಿ ಇಲ್ಲದಿದ್ದಲ್ಲಿ ಕೆರೆಯ ದಂಡೆಯಲ್ಲಿ ವಿಚಾರಿಸುವುದು.
೪. ರೈಲ್ವೆಯವರಿಗೆ, ಸೇತುವೆಯನ್ನು ಎತ್ತುವುದು ಬೇಡವೆಂದು ತಿಳಿಸಲು.
೫. ಕೋಗಳಿ ನಿಲ್ದಾಣದ ಸೂಚನಾ ಫಲಕಕ್ಕೆ. ಪ್ರಯಾಣಿಕರು ಇದನ್ನು ಪೂರ್ತಿ ಓದುತ್ತ ನಿಲ್ಲಬಾರದು, ಬಸ್ಸು ಬಂದಿರುತ್ತದೆ.